ನಮ್ಮ ಏರು ಹತ್ತುತ್ತದಾ?

ಜೂನ್ ತಿಂಗಳ ಒಂದು ಬೆಳಿಗ್ಗೆ. ರಾತ್ರಿಯಿಡೀ ಹೊಡೆದ ಮಳೆ ಈಗಷ್ಟೇ ಹೊಳವಾಗಿದೆ. ಅಡಿಕೆ ತೋಟದ ನಡುವಿನ ಮನೆಯಂಗಳದಿಂದ ಹಳೆಯ ಮಾರುತಿ 800 ಹೊರಡುತ್ತದೆ. ಹಿಂದಿನ ಸೀಟಿನಲ್ಲಿ ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಡಿಕ್ಕಿಯಲ್ಲಿ ಸೊಸೈಟಿಗೆ ಹಾಕಬೇಕಾದ ಹಾಲಿನ ಕ್ಯಾನು. ತೋಡಿನ ಮೋರಿ ದಾಟುವವರೆಗೆ ಎಲ್ಲ ಸಲೀಸು. ಆಮೇಲೆ ಏರು. ಕೆಂಪು ಮಣ್ಣು, ನಡುವೆ ಹುಲ್ಲಿನ ಗೆರೆ, ಎರಡೂ ಬದಿಗೆ ಆಳೆತ್ತರದ ಬರೆ. ಅರ್ಧ ಹತ್ತಿದ ಕಾರು ನಿಂತಲ್ಲೇ ಚಕ್ರ ತಿರುಗಿಸಿ ಕೂಗುತ್ತದೆ. ಓಡಿಸುವವರಿಗೆ ಗಾಬರಿಯೇನಿಲ್ಲ. ಮೆಲ್ಲ ಹಿಂದೆ ಬಿಟ್ಟು, ಅಂಗಳದಲ್ಲಿ ಕಾರು ತಿರುಗಿಸಿ, ರಿವರ್ಸ್ ಗೇರಿಗೆ ಹಾಕುತ್ತಾರೆ. ಮೊದಲು ಡಿಕ್ಕಿ, ಕೊನೆಗೆ ಬೋನೆಟ್ಟು, ಹೀಗೆ ಉಲ್ಟಾ ಮೆರವಣಿಗೆಯಲ್ಲಿ ಕಾರು ಡಾಮರು ಮಾರ್ಗ ಸೇರುತ್ತದೆ. ಮಕ್ಕಳು ತಲೆಯೆತ್ತಿಯೂ ನೋಡುವುದಿಲ್ಲ. ಅವರಿಗೆ ಇದು ನಿತ್ಯದ ಕತೆ.

ಇದೇ ಕೆಲಸಕ್ಕೆ ಪೇಟೆಯಲ್ಲಿ ಆಫ್‌ರೋಡಿಂಗ್ ಎಂದು ಹೆಸರು. ಅದಕ್ಕೆ ಹದಿನೈದು ಲಕ್ಷದ ಗಾಡಿ, ಅಗಲ ಟೈರು, ವಿಂಚು, ಕೆಸರು ಮೆತ್ತಿಕೊಂಡ ಫೋಟೊ ಎಲ್ಲ ಬೇಕು. ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬದ ಕಡೆ ಮನೆಯಿಂದ ಹಾಲಿನ ಸೊಸೈಟಿಗೆ ಹೋಗಿ ಬಂದರೂ ಅದೇ ಆಗುತ್ತದೆ. ಹಾಗಾಗಿ ಇಲ್ಲಿ ಹಳೆ ಗಾಡಿ ಕೊಳ್ಳುವವರು ಮೈಲೇಜು ಕೇಳಿದ ಮೇಲೆ ಎರಡನೆಯ ಪ್ರಶ್ನೆ ಕೇಳಿಯೇ ಕೇಳುತ್ತಾರೆ: “ಅದು ಸರಿ ಮಾರಾಯ್ರೆ, ನಮ್ಮ ಏರು ಹತ್ತುತ್ತದಾ?”

ಸಣ್ಣ ಕಾರುಗಳ ಮೇಲೆ ನನಗೆ ಮೊದಲಿನಿಂದಲೂ ಸ್ವಲ್ಪ ಪಕ್ಷಪಾತ ಉಂಟು. ಅದನ್ನು ಮೊದಲೇ ಒಪ್ಪಿಕೊಂಡು ಈ ಪ್ರಶ್ನೆಗೆ ಉತ್ತರ ಹುಡುಕುತ್ತೇನೆ.

ಮನೆ ಬೈಲಿನಲ್ಲಿ, ಮಾರ್ಗ ಗುಡ್ಡೆಯಲ್ಲಿ

ತೊಂದರೆಯ ಮೂಲ ನೆಲದಲ್ಲೇ ಇದೆ. ಅಡಿಕೆಗೆ ನೀರು ಬೇಕು, ನೀರು ಇರುವುದು ಎರಡು ಗುಡ್ಡೆಗಳ ನಡುವಿನ ತಗ್ಗಿನಲ್ಲಿ. ಆದ್ದರಿಂದ ತೋಟ ತಗ್ಗಿನಲ್ಲಿ, ತೋಟದ ಬದಿಯಲ್ಲಿ ಮನೆ. ಮಾರ್ಗ ಮಾಡಿದವರು ನೀರು ನಿಲ್ಲದ ಗುಡ್ಡೆಯ ನೆತ್ತಿ ಹಿಡಿದು ಹೋದರು. ಹೀಗಾಗಿ ಇಲ್ಲಿ ಮನೆಗೆ ಹೋಗುವುದೆಂದರೆ ಇಳಿಯುವುದು, ಪೇಟೆಗೆ ಹೊರಡುವುದೆಂದರೆ ಹತ್ತುವುದು. ಗಾಡಿ ಕೆಳಗೆ ಹೋಗುವಾಗ ಯಾರ ಪರೀಕ್ಷೆಯೂ ಇಲ್ಲ. ಮರುದಿನ ಬೆಳಿಗ್ಗೆ ಗೊತ್ತಾಗುತ್ತದೆ.

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಸೀಮೆ ಇದು. ಕೆಳಗೆ ಗಟ್ಟಿ ಮುರಕಲ್ಲು, ಮೇಲೆ ಅದೇ ಕಲ್ಲು ಕರಗಿ ಆದ ಜೇಡಿ. ಒಣಗಿದಾಗ ಸಿಮೆಂಟಿನಂತಿರುವ ಈ ಮಣ್ಣು ಮೊದಲ ಮಳೆಗೆ ಸಾಬೂನಾಗುತ್ತದೆ. ಮಳೆ ಮುಂದುವರಿದಂತೆ ಜೇಡಿ ಕೊಚ್ಚಿಹೋಗಿ ಕಲ್ಲು ಕಾಣಿಸಿಕೊಂಡರೆ ಹಿಡಿತ ಸ್ವಲ್ಪ ಉತ್ತಮ. ಆದರೆ ಅಷ್ಟರಲ್ಲಿ ಪಾಚಿ ಹಿಡಿದಿರುತ್ತದೆ.

ಜೀಪು ಬಂದ ಕಾಲ

ಈ ನೆಲಕ್ಕೆ ಹೇಳಿ ಮಾಡಿಸಿದಂತೆ ಬಂದದ್ದು ಜೀಪು. ಅಮೆರಿಕದ ಸೇನೆಗಾಗಿ 1941ರಲ್ಲಿ ತಯಾರಾಗತೊಡಗಿದ ವಿಲ್ಲಿಸ್ ಎಂಬಿ ಸುಮಾರು ಒಂದು ಟನ್ ತೂಕದ, 60 ಅಶ್ವಶಕ್ತಿಯ ಗಾಡಿ. ಅಗಲ ಸುಮಾರು 1.6 ಮೀಟರ್. ಇಂದಿನ ಲೆಕ್ಕದಲ್ಲಿ ಅದು ಸಣ್ಣ ಕಾರೇ. ಯುದ್ಧ ಮುಗಿದ ಮೇಲೆ ಮಹೀಂದ್ರ ಕಂಪನಿ ಮುಂಬೈಯಲ್ಲಿ ಇದರ ಭಾಗಗಳನ್ನು ತರಿಸಿ ಜೋಡಿಸಲು ಶುರುಮಾಡಿತು. ಮುಂದೆ ಪೆಟ್ರೋಲ್ ಎಂಜಿನಿನ ಜಾಗಕ್ಕೆ ಡೀಸೆಲ್ ಬಂತು. ಎಂಎಂ 540, ಕಮಾಂಡರ್, ಮೇಜರ್ ಎಂದು ಹೆಸರುಗಳು ಬದಲಾದರೂ ಊರವರಿಗೆ ಎಲ್ಲವೂ ಜೀಪೇ.

ಸುಳ್ಯದ ಒಳಭಾಗಗಳಿಗೆ, ಗುತ್ತಿಗಾರು, ಮಡಪ್ಪಾಡಿ, ಕೊಲ್ಲಮೊಗ್ರು, ಕಲ್ಮಕಾರು ಎಂದು ಪುಷ್ಪಗಿರಿಯ ತಪ್ಪಲಿನವರೆಗೆ ಜನರನ್ನು ಸಾಗಿಸಿದ್ದು ಸರ್ವಿಸ್ ಜೀಪು. ಮುಂದೆ ಡ್ರೈವರನ ಆಚೆ ಈಚೆ ನಾಲ್ಕು ಮಂದಿ, ಹಿಂದೆ ಎದುರುಬದುರು ಕೂತವರ ಮಡಿಲಲ್ಲಿ ಕೋಳಿ, ಗೋಣಿ, ಕೂಸು, ಮೆಟ್ಟಿಲ ಮೇಲೆ ನೇತಾಡುವ ಆರೇಳು ಜನ. ಇವುಗಳಲ್ಲಿ ಬಹಳಷ್ಟಕ್ಕೆ ಫೋರ್‌ವೀಲ್ ಇರಲೇ ಇಲ್ಲ, ಹಿಂಚಕ್ರ ಮಾತ್ರ ತಿರುಗುವ ಗಾಡಿಗಳು. ಆದರೂ ಹತ್ತಿದವು. ಹಿಂದೆ ನೇತಾಡಿದವರ ಭಾರವೂ ಆ ಹಿಂಚಕ್ರಕ್ಕೆ ಬೇಕಾದದ್ದೇ ಎಂಬುದು ನನ್ನ ಅನುಮಾನ. ಕಾನೂನು ಇದನ್ನು ಒಪ್ಪಲಿಕ್ಕಿಲ್ಲ.

ನಿಜವಾದ ಫೋರ್‌ವೀಲ್ ಜೀಪಿನಲ್ಲಿ ಗೇರಿನ ಬದಿಗೆ ಇನ್ನೊಂದೆರಡು ಕೋಲುಗಳಿರುತ್ತವೆ. ಒಂದು ಮುಂದಿನ ಚಕ್ರಗಳಿಗೂ ಬಲ ಕೊಡಲು. ಇನ್ನೊಂದು ‘ಲೋ’ ಗೇರಿಗೆ. ಲೋ ಹಾಕಿದರೆ ಗಾಡಿಯ ವೇಗ ಸುಮಾರು ಎರಡೂವರೆ ಪಟ್ಟು ಕಡಿಮೆಯಾಗಿ ಎಳೆಯುವ ಬಲ ಅಷ್ಟೇ ಪಟ್ಟು ಏರುತ್ತದೆ. ಕಡಿದಾದ ಕಡೆ ಕ್ಲಚ್ಚು ಸುಡದೆ, ನಡೆಯುವ ವೇಗದಲ್ಲಿ ಗಾಡಿ ತಾನೇ ಹತ್ತುತ್ತದೆ. ಫೋರ್‌ವೀಲ್ ಎಂದರೆ ಎಲ್ಲರೂ ನಾಲ್ಕು ಚಕ್ರದ ಬಗ್ಗೆಯೇ ಮಾತಾಡುತ್ತಾರೆ. ನನ್ನನ್ನು ಕೇಳಿದರೆ ಅರ್ಧ ಕೀರ್ತಿ ಈ ಲೋ ಗೇರಿಗೆ ಸಲ್ಲಬೇಕು.

ಮಲೆನಾಡಿನ ಉಳಿದ ಕಡೆಯಂತೆ ಇಲ್ಲೂ ಮಳೆಗಾಲಕ್ಕೆ ಟೈರಿಗೆ ಕಬ್ಬಿಣದ ಚೈನು ಕಟ್ಟಿ ಓಡಿಸುವವರಿದ್ದರು. ಕೆಸರಿನಲ್ಲಿ ಅದರಂಥ ಹಿಡಿತ ಇನ್ನೊಂದಿಲ್ಲ. ಡಾಮರಿಗೆ ಬಂದೊಡನೆ ಬಿಚ್ಚಬೇಕು, ಇಲ್ಲದಿದ್ದರೆ ಡಾಮರೂ ಹೋಯಿತು, ಟೈರೂ ಹೋಯಿತು.

ರಿವರ್ಸಿನ ಲೆಕ್ಕ

ಈಗ ಬೆಳಗಿನ ಆ 800ಕ್ಕೆ ಬರೋಣ. ಅದು ಉಲ್ಟಾ ಹತ್ತಿದ್ದೇಕೆ?

ಮಾರುತಿ 800ರಲ್ಲಿ ಎಂಜಿನ್ ಮುಂದೆ, ಬಲ ಸಿಗುವುದೂ ಮುಂದಿನ ಚಕ್ರಗಳಿಗೆ. ಸಮತಟ್ಟಿನಲ್ಲಿ ಇದು ಒಳ್ಳೆಯ ಏರ್ಪಾಡು, ಎಂಜಿನಿನ ಭಾರವೇ ಚಕ್ರವನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಏರಿನಲ್ಲಿ ಮೂಗು ಮೇಲಾದಾಗ ಭಾರ ಹಿಂದಕ್ಕೆ ಸರಿಯುತ್ತದೆ. ಎಳೆಯಬೇಕಾದ ಚಕ್ರ ಹಗುರವಾಗಿ ಜಾರುತ್ತದೆ. ತಿರುಗಿಸಿ ರಿವರ್ಸಿನಲ್ಲಿ ಹತ್ತಿದರೆ ಎಳೆಯುವ ಚಕ್ರ ಕೆಳಬದಿಗೆ ಬರುತ್ತದೆ. ಸರಿದ ಭಾರವೆಲ್ಲ ಅದರ ಮೇಲೇ ಕೂರುತ್ತದೆ.

ಇದು ನಮ್ಮೂರಿನವರೇ ಕಂಡುಹಿಡಿದ ಉಪಾಯ ಎಂದುಕೊಂಡವರಿಗೆ ಸಣ್ಣ ನಿರಾಸೆ. ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಫೋರ್ಡ್ ಮಾಡೆಲ್ ಟಿ ಕಾರಿನವರೂ ಗುಡ್ಡವನ್ನು ಹಿಂದುಮುಂದಾಗಿಯೇ ಹತ್ತುತ್ತಿದ್ದರು. ಅವರ ಕಾರಣ ಬೇರೆ. ಆ ಕಾರಿನಲ್ಲಿ ಪೆಟ್ರೋಲ್ ಪಂಪು ಇರಲಿಲ್ಲ, ಸೀಟಿನಡಿಯ ಟ್ಯಾಂಕಿನಿಂದ ಎಣ್ಣೆ ತಾನಾಗಿ ಇಳಿದು ಎಂಜಿನಿಗೆ ಹೋಗಬೇಕಿತ್ತು. ಮೂಗು ಮೇಲಾದರೆ ಎಂಜಿನ್ ಉಪವಾಸ.

1983ರ ಡಿಸೆಂಬರಿನಲ್ಲಿ ಬಂದು 2014ರ ಜನವರಿವರೆಗೆ ತಯಾರಾದ 800ರ ದೊಡ್ಡ ಗುಣ ಅದರ ತೂಕ. ಸುಮಾರು 650 ಕಿಲೊ. ಹೂತುಹೋದರೆ ನಾಲ್ಕು ಜನ ದೂಡಿದರೆ ಮೇಲೆ ಬರುತ್ತದೆ. ಎರಡು ಟನ್ನಿಗೆ ಸಮೀಪದ ಗಾಡಿ ಹೂತರೆ ಟ್ರ್ಯಾಕ್ಟರೋ ಜೆಸಿಬಿಯೋ ಬರಬೇಕು, ಅದು ಬರುವ ದಾರಿ ಇನ್ನೊಂದು ಸಮಸ್ಯೆ. ಕೆಸರಿನಲ್ಲಿ ಅಶ್ವಶಕ್ತಿಗಿಂತ ತೂಕ ದೊಡ್ಡ ಲೆಕ್ಕ. ಜಾಹೀರಾತು ಮಾಡುವವರಿಗೆ ತೂಕ ಕಡಿಮೆ ಇರುವುದನ್ನು ತೋರಿಸಿ ಗಾಡಿ ಮಾರಲು ಬರುವುದಿಲ್ಲ, ಅಷ್ಟೇ.

ಓಮ್ನಿಗೆ ಎರಡು ಗೋಣಿ

ಈ ಮೂರು ತಾಲೂಕುಗಳ ಪ್ರತಿನಿಧಿ ಗಾಡಿ ಯಾವುದೆಂದು ಕೇಳಿದರೆ ನಾನು ಜೀಪನ್ನೂ ಹೇಳುವುದಿಲ್ಲ. ಓಮ್ನಿ ಎನ್ನುತ್ತೇನೆ. ಅಡಿಕೆ ಗೋಣಿ ಹೇರಿಕೊಂಡು ಕ್ಯಾಂಪ್ಕೊಗೆ, ಅಡುಗೆಯವರ ಪಾತ್ರೆ ತುಂಬಿಕೊಂಡು ಮದುವೆ ಮನೆಗೆ, ಚೆಂಡೆ ಮದ್ದಳೆ ಇಟ್ಟುಕೊಂಡು ತಾಳಮದ್ದಳೆಗೆ, ರಾತ್ರಿ ಎರಡಕ್ಕೆ ಹೆರಿಗೆ ನೋವಿನವರನ್ನು ಮಲಗಿಸಿಕೊಂಡು ಪುತ್ತೂರಿಗೆ. ಮೂತಿ ಚಪ್ಪಟೆಯಾದ ಈ ಡಬ್ಬಿ ಮಾಡದ ಕೆಲಸವಿಲ್ಲ. 1984ರಿಂದ 2019ರವರೆಗೆ ತಯಾರಾಯಿತು.

ಕಾರುಗಳಲ್ಲಿ ಇದು ವಿಚಿತ್ರ ಪ್ರಾಣಿ. ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ, ಕೂತವರಿಗೆ ಚಳಿಗಾಲದಲ್ಲಿ ಸುಖ, ಏಪ್ರಿಲಿನಲ್ಲಿ ಶಿಕ್ಷೆ. ಬಲ ಹೋಗುವುದು ಹಿಂಚಕ್ರಕ್ಕೆ. ಭಾರ ತುಂಬಿದ ಓಮ್ನಿ ಏರನ್ನು ಲೀಲಾಜಾಲವಾಗಿ ಹತ್ತುತ್ತದೆ. ಖಾಲಿಯಿದ್ದರೆ ಹಿಂಬದಿ ಹಗುರಾಗಿ ಒದ್ದೆ ಮಣ್ಣಿನಲ್ಲಿ ಅಡ್ಡಾದಿಡ್ಡಿ ಕುಣಿಯುತ್ತದೆ. ಹಾಗಾಗಿ ಅನುಭವಸ್ಥರು ಮಳೆಗಾಲದಲ್ಲಿ ಹಿಂದೆ ಎರಡು ಗೋಣಿ ಮರಳನ್ನೋ ನಾಲ್ಕು ಕೆಂಪುಕಲ್ಲನ್ನೋ ಖಾಯಂ ಇಟ್ಟುಕೊಳ್ಳುತ್ತಾರೆ.

ಇನ್ನೊಂದು ಯುಕ್ತಿಯೂ ಉಂಟು. ಒಂದು ಹಿಂಚಕ್ರ ಕೆಸರಿನಲ್ಲಿ ಸುಮ್ಮನೆ ತಿರುಗತೊಡಗಿದರೆ ಹ್ಯಾಂಡ್‌ಬ್ರೇಕನ್ನು ಎರಡು ಮೂರು ಹಲ್ಲು ಮಾತ್ರ ಎಳೆದು ಮೆಲ್ಲ ಕ್ಲಚ್ಚು ಬಿಡುವುದು. ಎಡ ಬಲ ಚಕ್ರಗಳ ನಡುವೆ ಬಲ ಹಂಚುವ ಡಿಫರೆನ್ಶಿಯಲ್ ಎಂಬ ಗೇರು ಸ್ವಭಾವದಲ್ಲಿ ಸೋಮಾರಿ. ಸುಲಭಕ್ಕೆ ತಿರುಗುವ ಚಕ್ರದ ಕಡೆಗೇ ಅದರ ಒಲವು. ಕೆಸರಿನ ಚಕ್ರ ತಿರುಗಿದ್ದೇ ತಿರುಗಿದ್ದು, ಗಟ್ಟಿ ನೆಲದ ಮೇಲಿನ ಚಕ್ರ ನಿಂತು ನೋಡುತ್ತದೆ. ಬ್ರೇಕು ಸ್ವಲ್ಪ ಹಿಡಿದರೆ ಕೆಸರಿನ ಚಕ್ರಕ್ಕೂ ತಿರುಗುವುದು ಕಷ್ಟವಾಗಿ, ಬಲ ಆಚೆ ಬದಿಗೂ ಹೋಗುತ್ತದೆ. ಇವತ್ತಿನ ದುಬಾರಿ ಗಾಡಿಗಳಲ್ಲಿ ಕಂಪ್ಯೂಟರು ಮಾಡುವುದು ಇದೇ ಕೆಲಸವನ್ನು. ಅದು ಜಾರುವ ಚಕ್ರವನ್ನಷ್ಟೇ ಆರಿಸಿ ಹಿಡಿಯುತ್ತದೆ, ನಾವು ಎರಡನ್ನೂ ಹಿಡಿಯುತ್ತೇವೆ. ಮಾರುತಿ 800ರಲ್ಲಿ ಈ ಯುಕ್ತಿ ನಡೆಯದು, ಅದರ ಹ್ಯಾಂಡ್‌ಬ್ರೇಕು ಹಿಂಚಕ್ರಕ್ಕೆ, ಎಳೆಯುವುದು ಮುಂಚಕ್ರ.

ಭಾರ ಮತ್ತು ಬಲ ಎರಡೂ ಹಿಂದೆಯೇ ಇದ್ದರೆ ಹೇಗೆ? ಅದೇ ಟಾಟಾ ನ್ಯಾನೊ. 2009ರಲ್ಲಿ ಬಂದ ಈ ಕಾರಿನ 624 ಸಿಸಿಯ ಎರಡು ಸಿಲಿಂಡರಿನ ಎಂಜಿನ್ ಇದ್ದದ್ದು ಹಿಂದಿನ ಸೀಟಿನ ಹಿಂದೆ, ಹಿಂಚಕ್ರಗಳ ನೆತ್ತಿಯಲ್ಲಿ. ತೂಕ 600 ಕಿಲೊ. ಅಗ್ಗದ ಕಾರು ಎಂಬ ಹಣೆಪಟ್ಟಿ ಹಚ್ಚಿ ಅದನ್ನು ಕೊಂದರು. ಏರು ಹತ್ತುವ ವಿಷಯದಲ್ಲಿ ಅದು ಆಡಿನಂಥ ಗಾಡಿ. ಅದರ ಕೊರತೆ 12 ಇಂಚಿನ ಪುಟ್ಟ ಚಕ್ರ. ದೊಡ್ಡ ಚಕ್ರ ಹಾರಿಕೊಂಡು ಹೋಗುವ ಹೊಂಡದೊಳಗೆ ಇದು ಇಳಿದು ಹತ್ತಬೇಕು.

ಬೆಂಗಳೂರಿನ ವಿಚಿತ್ರ ಕೂಸುಗಳು

ವಿಚಿತ್ರ ಸಣ್ಣ ಕಾರುಗಳ ಮಾತು ಬಂದಾಗ ಕನ್ನಡ ನಾಡಿನವರು ತಲೆ ತಗ್ಗಿಸಬೇಕಾಗಿಲ್ಲ. 1970ರ ದಶಕದಲ್ಲಿ ಬೆಂಗಳೂರಿನ ಸನ್‌ರೈಸ್ ಕಂಪನಿ ‘ಬಾದಲ್’ ಎಂಬ ಮೂರು ಚಕ್ರದ ಕಾರು ಮಾಡಿತ್ತು. ಫೈಬರ್ ಮೈ, ಹಿಂಬದಿಗೆ 198 ಸಿಸಿಯ ಒಂದೇ ಸಿಲಿಂಡರಿನ ಎಂಜಿನ್. ಅದೇ ಕಂಪನಿ ಮುಂದೆ ಸಿಪಾನಿ ಎಂಬ ಹೆಸರಿನಲ್ಲಿ, ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಆಧಾರದ ಮೇಲೆ ‘ಡಾಲ್ಫಿನ್’ ತಂದಿತು. 848 ಸಿಸಿ, ಎರಡೇ ಬಾಗಿಲು, ಮೈಯೆಲ್ಲ ಫೈಬರ್. ಮಾರುತಿ ಬಂದ ಮೇಲೆ ಅದನ್ನು ಕೇಳುವವರಿರಲಿಲ್ಲ. 2001ರಲ್ಲಿ ಬೆಂಗಳೂರಿನಿಂದಲೇ ಚೇತನ್ ಮೈನಿಯವರ ರೇವಾ ಹೊರಟಿತು. ಎರಡೂಮುಕ್ಕಾಲು ಮೀಟರೂ ಉದ್ದವಿಲ್ಲದ ಆ ಬ್ಯಾಟರಿ ಕಾರು ಲಂಡನ್ನಿನ ಬೀದಿಗಳಲ್ಲಿ ಜಿ–ವಿಜ್ ಎಂಬ ಹೆಸರಿನಿಂದ ಓಡಿತು.

ಇವು ನಮ್ಮ ಕಡೆಯ ಏರು ಹತ್ತುತ್ತಿದ್ದವೇ? ಡಾಲ್ಫಿನ್ ಹತ್ತುತ್ತಿತ್ತು ಎಂದು ನನ್ನ ಅಂದಾಜು, ಹಗುರ ಮೈ, ಹಿಂಚಕ್ರದ ಎಳೆತ. ಬಾದಲ್ ಖಂಡಿತ ಪೇಚಾಡುತ್ತಿತ್ತು. ಮಣ್ಣಿನ ಮಾರ್ಗದಲ್ಲಿ ಜೀಪು ಓಡಿ ಎರಡು ಚಡಿ ಬಿದ್ದಿರುತ್ತದೆ, ನಡುವೆ ಹುಲ್ಲಿನ ದಿಣ್ಣೆ. ಮೂರು ಚಕ್ರದ ಗಾಡಿಯ ಮುಂಚಕ್ರ ಆ ದಿಣ್ಣೆಯ ಮೇಲೆಯೇ ಹೋಗಬೇಕು. ನಮ್ಮ ರಿಕ್ಷಾದವರು ಒಂದು ಬದಿಗೆ ವಾಲಿಕೊಂಡು, ಮುಂಚಕ್ರವನ್ನು ಒಂದು ಚಡಿಯಲ್ಲಿಟ್ಟು ಓಡಿಸುವುದನ್ನು ನೋಡಿದವರಿಗೆ ಇದು ಗೊತ್ತು. ಬ್ಯಾಟರಿ ಕಾರಿನ ಮೋಟಾರು ನಿಂತಲ್ಲಿಂದಲೇ ಪೂರ್ತಿ ಬಲ ಕೊಡುತ್ತದೆ, ಏರಿಗೆ ಅದು ವರ. ಆದರೆ ಆಟಿಯ ಗಾಳಿಮಳೆಗೆ ಮೂರು ದಿನ ಕರೆಂಟು ಹೋಯಿತೆಂದರೆ ಕಾರೂ ಮನೆಯೂ ಒಟ್ಟಿಗೇ ಕತ್ತಲಲ್ಲಿ.

ಜಿಮ್ನಿಯ ಜಾತಕ

ಸಣ್ಣ ಕಾರು ಮತ್ತು ಆಫ್‌ರೋಡ್ ಎರಡೂ ಒಂದೇ ಗಾಡಿಯಲ್ಲಿ ಸೇರಿದ್ದಕ್ಕೆ ಜಪಾನಿನಲ್ಲಿ ಒಂದು ಕತೆ ಇದೆ. ಹೋಪ್ ಎಂಬ ಪುಟ್ಟ ಕಂಪನಿ 1960ರ ದಶಕದ ಕೊನೆಯಲ್ಲಿ ಒಂದು ಗುಜ್ಜಾರಿ ಫೋರ್‌ವೀಲ್ ಗಾಡಿ ಮಾಡಿತು. ಅದು ಹೆಚ್ಚು ಮಾರಾಟವಾಗಲಿಲ್ಲ. ಸುಜುಕಿ ಆ ವಿನ್ಯಾಸವನ್ನು ಕೊಂಡು 1970ರಲ್ಲಿ ಎಲ್‌ಜೆ10 ಎಂದು ಹೊರತಂದಿತು. ಎಂಜಿನ್ ಬರೀ 359 ಸಿಸಿ, ಹಳೆಯ ಬೈಕುಗಳಂತೆ ಟು ಸ್ಟ್ರೋಕ್. ಸಣ್ಣ ಕಾರಿನ ತೆರಿಗೆಗೆ ಒಳಪಡಲು ಉದ್ದ ಮೂರು ಮೀಟರ್ ಮೀರಬಾರದಿತ್ತು. ಹಾಗಾಗಿ ಸ್ಟೆಪ್ನಿಯನ್ನು ಹಿಂದೆ ನೇತುಹಾಕದೆ ಒಳಗೇ ಇಟ್ಟರು. ನಾಲ್ಕನೆಯವನ ಸೀಟು ಸ್ಟೆಪ್ನಿಗೆ ಹೋಯಿತು.

ಅದರ ಮೊಮ್ಮಗನೇ ನಮ್ಮ ಜಿಪ್ಸಿ. 1985ರಲ್ಲಿ 970 ಸಿಸಿ ಎಂಜಿನಿನೊಂದಿಗೆ ಬಂತು. ಪೊಲೀಸರ, ಅರಣ್ಯ ಇಲಾಖೆಯ ಗಾಡಿಯಾಗಿ ಎಲ್ಲರೂ ಅದನ್ನು ಬಲ್ಲರು. ಜೀಪಿಗಿಂತ ಹಗುರ, ಚುರುಕು, ಬೆನ್ನಿಗೆ ಮಾತ್ರ ಕೇಡು. ನಮ್ಮಲ್ಲಿ ಅದರ ಮುಂದಿನ ತಲೆಮಾರು 2023ರಲ್ಲಿ ಬಂದ ಐದು ಬಾಗಿಲಿನ ಜಿಮ್ನಿ. 1.65 ಮೀಟರಿಗಿಂತ ಕಡಿಮೆ ಅಗಲ, 1,200 ಕಿಲೊ ಆಸುಪಾಸು ತೂಕ, ಲೋ ಗೇರು ಉಂಟು. ನಮ್ಮ ಕಿರು ಮಾರ್ಗಗಳಿಗೆ ಇದಕ್ಕಿಂತ ಒಪ್ಪುವ ಹೊಸ ಗಾಡಿ ನನಗೆ ಕಾಣುವುದಿಲ್ಲ.

ಒಂದು ತಕರಾರು ಮಾತ್ರ ಉಂಟು. ಐದು ಬಾಗಿಲಿಗಾಗಿ ಮುಂದಿನ ಹಿಂದಿನ ಚಕ್ರಗಳ ಅಂತರ 2.25 ಮೀಟರಿನಿಂದ 2.59ಕ್ಕೆ ಹಿಗ್ಗಿತು. ನಮ್ಮಲ್ಲಿ ಏರು ಮುಗಿದು ಡಾಮರು ಮಾರ್ಗ ಸಿಗುವಲ್ಲಿ ಒಂದು ಚೂಪು ದಿಬ್ಬ ಇರುತ್ತದೆ. ಉದ್ದದ ಗಾಡಿಯ ಹೊಟ್ಟೆ ಅಲ್ಲೇ ತಾಗುವುದು. ಪೇಟೆಯವರು ನೆಲದಿಂದ ಎಷ್ಟು ಎತ್ತರ ಎಂದು ಮಾತ್ರ ಕೇಳುತ್ತಾರೆ. ಎರಡು ಚಕ್ರಗಳ ನಡುವೆ ಎಷ್ಟು ಹೊಟ್ಟೆ ಎಂಬುದೂ ಅಷ್ಟೇ ಮುಖ್ಯ. ಭಾರತದಲ್ಲಿ ಅಂಥ ಬೇಡಿಕೆ ಕಾಣದ ಈ ಗಾಡಿ 2025ರಲ್ಲಿ ಇಲ್ಲಿಂದಲೇ ಜಪಾನಿಗೆ ಹೋದಾಗ, ನಾಲ್ಕೇ ದಿನಗಳಲ್ಲಿ ಐವತ್ತು ಸಾವಿರದಷ್ಟು ಮುಂಗಡ ಬಂದು ಬುಕಿಂಗನ್ನೇ ನಿಲ್ಲಿಸಬೇಕಾಯಿತು. ಅಗಲ ಕಿರಿದಾದ ಮಾರ್ಗಗಳ ನಾಡಿನವರಿಗೆ ಅದರ ಬೆಲೆ ಗೊತ್ತಾಯಿತು.

ನೀರಿಗಿಳಿದರೆ

ಹಗುರವೇ ಗುಣ ಎಂದು ಇಷ್ಟು ಹೊತ್ತು ಹೇಳಿದೆ. ಅದು ದೋಷವಾಗುವ ಜಾಗ ಒಂದಿದೆ.

ಉಪ್ಪಿನಂಗಡಿ–ಕಡಬ ಮಾರ್ಗದ ಹೊಸ್ಮಠದಲ್ಲಿ ಹಿಂದೆ ಇದ್ದ ಮುಳುಗು ಸೇತುವೆಯನ್ನು ಬಲ್ಲವರು ಬಹಳ. ಗುಂಡ್ಯ ಹೊಳೆ ಉಕ್ಕಿದಾಗಲೆಲ್ಲ ಎರಡೂ ದಡದಲ್ಲಿ ಬಸ್ಸುಗಳ ಸಾಲು. ಈಗ ಎತ್ತರದ ಸೇತುವೆಯಾಗಿದೆ. ಆದರೆ ಒಳಗಿನ ತೋಡು, ಮೋರಿಗಳ ಮೇಲೆ ನೀರು ಹರಿಯುವುದು ನಿಂತಿಲ್ಲ. ‘ಸ್ವಲ್ಪವೇ ನೀರು’ ಎಂದು ಇಳಿಸುವವರಿಗೊಂದು ಲೆಕ್ಕ. ಸಣ್ಣ ಕಾರಿನ ತಳದ ವಿಸ್ತಾರ ಸುಮಾರು ಮೂರೂವರೆ ಚದರ ಮೀಟರ್ ಎಂದಿಟ್ಟುಕೊಳ್ಳಿ. ತಳದಿಂದ ಮೇಲೆ ನೀರು ಹತ್ತು ಸೆಂಟಿಮೀಟರ್ ಏರಿದರೆ ಅದು 350 ಕಿಲೊ ಭಾರವನ್ನು ಎತ್ತುತ್ತದೆ. 650 ಕಿಲೊ ಕಾರು ತೇಲಲು ಒಂದು ಗೇಣು ನೀರು ಸಾಕು. ಒಳಗೆ ನೀರು ನುಗ್ಗುವ ಮೊದಲೇ ಚಕ್ರಗಳು ನೆಲ ಬಿಟ್ಟಿರುತ್ತವೆ, ಆಮೇಲೆ ಸ್ಟೇರಿಂಗು ಹೊಳೆಯ ಕೈಯಲ್ಲಿ.

ಎಂಜಿನಿನದ್ದು ಇನ್ನೊಂದು ಕತೆ. ಹಳೆಯ ಡೀಸೆಲ್ ಜೀಪಿಗೆ ಕಿಡಿ ಬೇಡ, ಒದ್ದೆಯಾಗಿ ಕೆಡುವ ವಯರುಗಳೂ ಕಡಿಮೆ. ಗಾಳಿ ಎಳೆಯುವ ಕೊಳವೆಗೆ ನೀರು ಹೋಗದಿದ್ದರೆ ಆಯಿತು. ನೀರು ಹೋಯಿತೋ, ಯಾವ ಕಂಪನಿಯ ಎಂಜಿನ್ನಾದರೂ ರಾಡು ಬಗ್ಗುತ್ತದೆ. ನೀರನ್ನು ಗಾಳಿಯಂತೆ ಅದುಮಲಿಕ್ಕೆ ಬರುವುದಿಲ್ಲ.

ಭಾನುವಾರದ ಕೆಸರು

ಈಚೆಗೆ ಮಳೆಗಾಲದ ಭಾನುವಾರಗಳಲ್ಲಿ ಸ್ಟಿಕ್ಕರು ಅಂಟಿಸಿದ ಜೀಪುಗಳ, ಥಾರ್‌ಗಳ ಸಾಲು ಗುಡ್ಡೆಗಳ ಕಡೆ ಹೋಗುವುದು ಕಾಣಿಸುತ್ತದೆ. ಆಟದ ಮೇಲೆ ನನಗೆ ಸಿಟ್ಟಿಲ್ಲ. ಯಾರದಾದರೂ ರಬ್ಬರ್ ತೋಟದಲ್ಲೋ ಖಾಲಿ ಗುಡ್ಡೆಯಲ್ಲೋ ಯಜಮಾನರ ಒಪ್ಪಿಗೆ ಪಡೆದು ಆಡಿದರೆ ನಾನೂ ಕೊಡೆ ಹಿಡಿದು ನೋಡಲು ಹೋಗುತ್ತೇನೆ. ಕೆಸರಿನಲ್ಲಿ ಟೈರಿನ ಗಾಳಿಯನ್ನು 30 ಪೌಂಡಿನಿಂದ 18ಕ್ಕೆ ಇಳಿಸಿದರೆ ಹಿಡಿತ ಎಷ್ಟು ಹೆಚ್ಚುತ್ತದೆ ಎಂಬಂಥ ಸಂಗತಿಗಳು ಅಲ್ಲೇ ಕಣ್ಣಿಗೆ ಕಾಣುವುದು.

ಮೀಸಲು ಅರಣ್ಯಕ್ಕೆ, ಅಭಯಾರಣ್ಯಕ್ಕೆ ನುಗ್ಗುವುದು ಬೇರೆ. ಅದು ಅಪರಾಧ. ಕಾನೂನು ಬದಿಗಿಟ್ಟರೂ, ಇಳಿಜಾರಿನಲ್ಲಿ ಅಗಲ ಟೈರು ಕೊರೆದ ಚಡಿ ಮುಂದಿನ ಮಳೆಗೆ ತೋಡಾಗುತ್ತದೆ, ಮಣ್ಣೆಲ್ಲ ಕೆಳಗಿನವರ ತೋಟಕ್ಕೆ. 2018ರಲ್ಲಿ ಸಂಪಾಜೆ ಬಳಿಯ ಜೋಡುಪಾಲದಲ್ಲಿ ಗುಡ್ಡ ಜರಿದದ್ದನ್ನು ಕಂಡ ಸೀಮೆ ಇದು. ಹೊಳೆಯ ಪಾತ್ರದೊಳಗೆ ಜೀಪು ಇಳಿಸಿ ನೀರು ಎರಚುವ ವಿಡಿಯೊ ನೋಡಿದಾಗ ತೊಡಿಕಾನದ, ಸುಬ್ರಹ್ಮಣ್ಯದ ದೇವರ ಮೀನುಗಳ ನೆನಪಾಗುತ್ತದೆ. ಅದೇ ನೀರಿಗೆ ಇವರು ಗೇರೆಣ್ಣೆ ತೊಳೆಯುವುದು.

ಹಳೆ ಜೀಪಿಗೆ ಬೇಕಾದಂತೆ ರೂಪ ಕೊಡುವ ಖಯಾಲಿಗೂ ಈಗ ತಡೆ ಇದೆ. ತಯಾರಕರು ಕೊಟ್ಟ ಮೂಲ ರೂಪವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಪುತ್ತೂರಿನ ಗ್ಯಾರೇಜಿನಲ್ಲಿ ಎಂಜಿನ್ ಒಂದರದ್ದು, ಹೌಸಿಂಗ್ ಇನ್ನೊಂದರದ್ದು, ಬಾಡಿ ಮೂರನೆಯದರದ್ದು ಹಾಕಿ ಮೇಸ್ತ್ರಿ ಕಟ್ಟಿದ ಗಾಡಿಗಳನ್ನು ನೆನೆದರೆ ಬೇಸರವಾಗುತ್ತದೆ. ಅವುಗಳ ಬ್ರೇಕನ್ನು ನೆನೆದರೆ ಕೋರ್ಟೇ ಸರಿ ಅನ್ನಿಸುತ್ತದೆ.

ಎರಡು ಪಟ್ಟಿ ಕಾಂಕ್ರೀಟು

ಒಳ್ಳೆಯ ಧಾರಣೆ ಬಂದ ವರ್ಷ ಅಡಿಕೆಯವರು ಮಾಡುವ ಮೊದಲ ಕೆಲಸಗಳಲ್ಲಿ ಏರಿಗೆ ಕಾಂಕ್ರೀಟು ಹಾಕಿಸುವುದೂ ಒಂದು. ಪೂರ್ತಿ ಹಾಕಿಸಿದರೆ ದುಬಾರಿ. ಆದ್ದರಿಂದ ಚಕ್ರ ಓಡುವಲ್ಲಿ ಮಾತ್ರ ಎರಡು ಪಟ್ಟಿ, ನಡುವೆ ಹುಲ್ಲು. ಹಿಂದಿನವರು ಪಟ್ಟಿಯ ಅಳತೆ ತೆಗೆದುಕೊಂಡದ್ದು ಮನೆಗೆ ಬರುತ್ತಿದ್ದ ಜೀಪಿನಿಂದ. ಹಳೆಯ ಜೀಪಿನ ಎಡ ಬಲ ಚಕ್ರಗಳ ನಡುವೆ ಸುಮಾರು ಒಂದೂಕಾಲು ಮೀಟರ್. ಮಾರುತಿ 800ರದ್ದು ಅದಕ್ಕಿಂತ ಎರಡು ಬೆರಳು ಕಡಿಮೆ, ಓಮ್ನಿಯದ್ದೂ ಹಾಗೆಯೇ. ಅಮೆರಿಕದ ಸೇನೆಯ ಅಳತೆಗೆ ಹಾಕಿದ ಪಟ್ಟಿಯ ಮೇಲೆ ಇವು ಅಚ್ಚುಕಟ್ಟಾಗಿ ಓಡುತ್ತವೆ.

ಹೊಸ ಥಾರ್‌ನಲ್ಲಿ ಅದೇ ಅಂತರ ಒಂದೂವರೆ ಮೀಟರ್ ಹತ್ತಿರ, ಮೈಯ ಅಗಲ 1.8 ಮೀಟರಿಗೂ ಹೆಚ್ಚು. ಒಂದು ಬದಿಯ ಚಕ್ರ ಪಟ್ಟಿಯ ಮೇಲೆ ಕೂತರೆ ಇನ್ನೊಂದು ಬದಿಯದ್ದು ಹೊರಗಿನ ಕೆಸರಿಗೆ, ಕನ್ನಡಿ ಬರೆಗೆ. ಹಬ್ಬಕ್ಕೆ ಬೆಂಗಳೂರಿನಿಂದ ಬಂದ ಮಗನ ಗಾಡಿ ಮೇಲಿನ ಮಾರ್ಗದ ಬದಿಯಲ್ಲೇ ನಿಲ್ಲುತ್ತದೆ. ಸ್ವಲ್ಪ ಹೊತ್ತಿನಲ್ಲಿ ಕೆಳಗಿನಿಂದ ಓಮ್ನಿ ಹತ್ತಿ ಬರುತ್ತದೆ. ಹಿಂದಿನ ಮರಳು ಗೋಣಿಯನ್ನು ಬದಿಗೆ ಸರಿಸಿ, ಸೂಟ್‌ಕೇಸುಗಳನ್ನು ಒಳಗೆ ಹಾಕುತ್ತಾರೆ.